ಮಸ್ಕಿಯ ಬಂಡೆಯೂ ಅವಸರದ ತೀರ್ಮಾನಗಳೂ

ಒಂದೆರಡು ನಿದರ್ಶನ ಕಂಡ ಕೂಡಲೇ ಅದನ್ನೇ ಎಲ್ಲ ಕಡೆಗೂ ನಿಯಮವಾಗಿ ಹಿಗ್ಗಿಸುವುದು ಅತಿ ಸಾಮಾನ್ಯೀಕರಣ. ‘ಮಾಡಿದ’, ‘ನೋಡಿದ’ ಎಂಬುದನ್ನು ಕಲಿತ ಮಗು ‘ಕೊಟ್ಟ’ ಎನ್ನುವಲ್ಲಿ ‘ಕೊಡಿದ’ ಎನ್ನುತ್ತದೆ. ಅಶೋಕನ ಶಾಸನಗಳ ಓದಿನಲ್ಲೂ ಇಂಥ ತಪ್ಪು ಎರಡು ಸಲ ನಡೆದಿದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿ ಮೊದಲನೆಯದನ್ನು ಪೂರ್ತಿಯಾಗಿ ಮುಗಿಸಿತು, ಎರಡನೆಯದಕ್ಕೆ ತಾನೇ ಕಾರಣವಾಯಿತು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಶಾಸನಗಳಲ್ಲೆಲ್ಲ ಕಂಡದ್ದು ‘ದೇವಾನಂಪಿಯ ಪಿಯದಸಿ’. ದೇವಾನಂಪಿಯ ಎನಿಸಿಕೊಂಡ ದೊರೆಯಾಗಿ ಆಗ ಗೊತ್ತಿದ್ದವನು ಸಿಂಹಳದ ತಿಸ್ಸ. ಆದ್ದರಿಂದ ಶಾಸನಗಳೂ ಅವನವೇ ಎಂದು ಪ್ರಿನ್ಸೆಪ್ ಮೊದಲು ಊಹಿಸಿದ. ಆದರೆ ದೇವಾನಂಪಿಯ ಎಂಬುದು ಒಬ್ಬನ ಹೆಸರಲ್ಲ, ಬಿರುದು. ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ಅದನ್ನೇ ಹೇಳಿಕೊಂಡಿದ್ದಾನೆ. ಪಿಯದಸ್ಸಿ ಎಂದರೆ ಅಶೋಕ ಎಂಬುದನ್ನು ಜಾರ್ಜ್ ಟರ್ನೌರ್ ಸಿಂಹಳದ ‘ದೀಪವಂಸ’ದಿಂದ ಬೇಗನೆ ತೋರಿಸಿಕೊಟ್ಟ. ಆದರೂ ಅದು ಗ್ರಂಥದ ಸಾಕ್ಷ್ಯ, ಕಲ್ಲಿನದಲ್ಲ.

ಕಲ್ಲಿನ ಸಾಕ್ಷ್ಯ ಸಿಕ್ಕಿದ್ದು 1915ರಲ್ಲಿ, ನಿಜಾಮರ ಸೀಮೆಯಲ್ಲಿ. ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಶಾಸನ ಕಂಡ, ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅದರ ಮೊದಲ ಸಾಲಿನಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು.

ಅಲ್ಲಿಂದ ಎರಡನೆಯ ತಪ್ಪು ಶುರುವಾಯಿತು. ‘ಅಶೋಕನ ಹೆಸರಿರುವುದು ಮಸ್ಕಿಯಲ್ಲಿ ಮಾತ್ರ’ ಎಂಬ ಮಾತು 1915ರ ಮಟ್ಟಿಗೆ ಸರಿಯಿತ್ತು. 1931ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಇದೇ ಬಗೆಯ ಶಾಸನಗಳು ಸಿಕ್ಕು, ಅವುಗಳಲ್ಲಿ ಹೆಸರಿಲ್ಲದ್ದರಿಂದ ಆ ಮಾತು ಇನ್ನಷ್ಟು ಬೇರೂರಿತು. 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲಿ ಹೆಸರು ಕಂಡಾಗಲೇ ಅದನ್ನು ತಿದ್ದಬೇಕಿತ್ತು. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಂಗಳಲ್ಲೂ ಅದೇ ಹೆಸರು ದೊರೆಯಿತು. ಇಷ್ಟಾದರೂ ‘ಮಸ್ಕಿಯಲ್ಲಿ ಮಾತ್ರ’ ಎಂಬುದು ಪರೀಕ್ಷಾ ಪುಸ್ತಕಗಳಲ್ಲಿ ಇಂದಿಗೂ ಇಣುಕುತ್ತದೆ. ಮಸ್ಕಿಯ ಹಿರಿಮೆಗೆ ಆ ಸುಳ್ಳು ಬೇಕಿಲ್ಲ. ಹೆಸರನ್ನು ಮೊದಲು ಕೊಟ್ಟ ಬಂಡೆ ಅದೇ.