ಕ್ಯಾಮರಾದ ನಾಭಿಯೂ ನಕ್ಷತ್ರಗಳ ನಡುವಣ ಮೋಡವೂ

ವಿಜ್ಞಾನದ ಚರಿತ್ರೆಯಲ್ಲಿ ಹೊಸ ಸಂಗತಿಗಳನ್ನು ಕಂಡುಹಿಡಿದವರ ಹೆಸರುಗಳು ಉಳಿಯುತ್ತವೆ. ಆ ಸಂಗತಿಗಳನ್ನು ನಂಬಲು ಆಧಾರವಾದ ಉಪಕರಣವನ್ನು ಅಣಿಗೊಳಿಸಿದ ಕೆಲಸವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಈ ಎರಡು ಕಾರ್ಯಗಳನ್ನೂ ಒಬ್ಬನೇ ನೆರವೇರಿಸಿದ ನಿದರ್ಶನವೊಂದುಂಟು. ಬರ್ಲಿನ್ ನಗರಕ್ಕೆ ಸಮೀಪದ ಪಾಟ್ಸ್‌ಡಾಮಿನ ವೇಧಶಾಲೆಯಲ್ಲಿದ್ದ ಯೋಹಾನೆಸ್ ಹಾರ್ಟ್‌ಮನ್ ಎಂಬ ಜರ್ಮನ್ ವಿದ್ವಾಂಸನ ವಿಚಾರವನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ.

ನಕ್ಷತ್ರದ ಬೆಳಕನ್ನು ಕಿರಿದಾದ ಸೀಳುಗಂಡಿಯಲ್ಲಿ ಹಾಯಿಸಿ, ಪಟ್ಟಕವೆಂಬ ಮುಮ್ಮೂಲೆಯ ಗಾಜಿನಿಂದ ಬಣ್ಣಬಣ್ಣವಾಗಿ ಬಿಡಿಸಿ, ಆ ವರ್ಣಪಟಲವನ್ನು ಕ್ಯಾಮರಾದಲ್ಲಿ ಹಿಡಿಯುವ ಯಂತ್ರಕ್ಕೆ ಸ್ಪೆಕ್ಟ್ರೋಗ್ರಾಫ್ ಎಂದು ಹೆಸರು. ವರ್ಣಪಟಲಕ್ಕೆ ಅಡ್ಡವಾಗಿ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರವು ದೂರ ಸರಿಯುತ್ತಿದ್ದರೆ ಇವು ಕೆಂಪಿನ ಕಡೆಗೂ, ಹತ್ತಿರ ಬರುತ್ತಿದ್ದರೆ ನೇರಳೆಯ ಕಡೆಗೂ ಜರುಗುತ್ತವೆ. ೧೮೬೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಈ ಜರುಗನ್ನು ಕಣ್ಣಿನಿಂದಲೇ ಅಳೆದು, ಲುಬ್ಧಕ ನಕ್ಷತ್ರವು ಸೆಕೆಂಡಿಗೆ ಸುಮಾರು ೪೭ ಕಿಲೋಮೀಟರ್ ವೇಗದಿಂದ ದೂರ ಹೋಗುತ್ತಿದೆಯೆಂದು ಗಣಿಸಿದನು. ವಾಸ್ತವವಾಗಿ ಅದು ನಮ್ಮತ್ತ ಬರುತ್ತಿದೆ. ಪ್ರಯತ್ನವೇನೋ ಮಹತ್ತರವಾದುದು; ಆದರೆ ಕಣ್ಣಳತೆ ಸಾಲದಾಯಿತು. ೧೮೮೮ರಲ್ಲಿ ಪಾಟ್ಸ್‌ಡಾಮಿನ ಹರ್ಮನ್ ಫೋಗಲ್ ಈ ಕೆಲಸಕ್ಕೆ ಛಾಯಾಚಿತ್ರದ ಫಲಕವನ್ನು ಬಳಸಲಾರಂಭಿಸಿದ ಮೇಲೆ ಅಳತೆ ಎಷ್ಟೋ ನಿಖರವಾಯಿತು.

ಆದರೆ ಫಲಕವೂ ಸುಳ್ಳು ಹೇಳಬಲ್ಲದು. ಜರುಗನ್ನು ಅಳೆಯುವುದಕ್ಕಾಗಿ ನಕ್ಷತ್ರದ ವರ್ಣಪಟಲದ ಪಕ್ಕದಲ್ಲಿಯೇ ಕಬ್ಬಿಣದ ವಿದ್ಯುತ್ ಕಿಡಿಯ ಗೆರೆಗಳನ್ನೂ ಮೂಡಿಸಿಕೊಳ್ಳುವುದು ಪದ್ಧತಿ. ಕಿಡಿಯ ಬೆಳಕು ಮಸೂರದ ಬಲಭಾಗದಲ್ಲಿಯೂ, ನಕ್ಷತ್ರದ ಬೆಳಕು ಎಡಭಾಗದಲ್ಲಿಯೂ ಹೆಚ್ಚಾಗಿ ಹಾಯ್ದಿತೆನ್ನೋಣ. ಫಲಕವು ಸರಿಯಾಗಿ ನಾಭಿಯಲ್ಲಿದ್ದರೆ ಬಾಧಕವಿಲ್ಲ. ಕಿರಣಗಳು ಎಲ್ಲಿಂದ ಬಂದರೂ ಒಂದೇ ಎಡೆಯಲ್ಲಿ ಕೂಡುತ್ತವೆ. ಅದು ತುಸು ಮುಂದೋ ಹಿಂದೋ ಇದ್ದರೆ ಒಂದರ ಗೆರೆ ಇತ್ತ, ಇನ್ನೊಂದರದು ಅತ್ತ ಸರಿದು, ನಕ್ಷತ್ರಕ್ಕೆ ಇಲ್ಲದ ವೇಗ ಬಂದುಬಿಡುತ್ತದೆ. ಆದಕಾರಣ ಎರಡು ಬೆಳಕುಗಳೂ ಒಂದೇ ದಾರಿ ಹಿಡಿಯಬೇಕು. ಸೀಳುಗಂಡಿ ಪಟ್ಟಕದ ಅಂಚಿಗೆ ಸಮಾಂತರವಾಗಿರಬೇಕು. ಒಂದೊಂದು ಬಣ್ಣಕ್ಕೆ ನಾಭಿ ಒಂದೊಂದು ದೂರದಲ್ಲಿರುವುದರಿಂದ ಫಲಕವನ್ನು ತಕ್ಕಷ್ಟು ಓರೆಯಾಗಿ ನಿಲ್ಲಿಸಬೇಕು. ರಾತ್ರಿಯ ಚಳಿಗೆ ಗಾಜಿನ ಗುಣ ಬದಲಾಗದಂತೆಯೂ ನೋಡಿಕೊಳ್ಳಬೇಕು.

ಹಲವು ಚಿತ್ರಗಳನ್ನು ತೆಗೆದು, ಚೊಕ್ಕವಾಗಿ ಕಂಡುದನ್ನು ಆರಿಸಿ, ಅದರಿಂದ ನಾಭಿಯನ್ನು ನಿಶ್ಚಯಿಸುವುದರಲ್ಲಿ ನೋಡುವವನ ಅಂದಾಜೇ ಪ್ರಧಾನ. ೧೯೦೦ರಲ್ಲಿ ಹಾರ್ಟ್‌ಮನ್ ಪ್ರಕಟಿಸಿದ ವಿಧಾನವು ಮೇಲೆ ಹೇಳಿದ ದೋಷವನ್ನೇ ಸಾಧನವನ್ನಾಗಿ ಮಾಡಿಕೊಂಡಿತು. ಮೊದಲು ಮಸೂರದ ಒಂದು ಅರ್ಧವನ್ನು ಮುಚ್ಚಿ ಕಿಡಿಯ ಗೆರೆಗಳನ್ನು ಫಲಕಕ್ಕೆ ಇಳಿಸುವುದು. ಬಳಿಕ ಇನ್ನೊಂದು ಅರ್ಧವನ್ನು ಮುಚ್ಚಿ ಅವುಗಳಿಗೆ ತಾಗಿದಂತೆಯೇ ಮತ್ತೆ ಇಳಿಸುವುದು. ಎರಡು ತುಂಡುಗಳೂ ಸೇರಿ ಒಂದೇ ನೇರ ಗೆರೆಯಾದರೆ ಫಲಕ ನಾಭಿಯಲ್ಲಿದೆ. ಗೆರೆ ಮುರಿದಂತೆ ಕಂಡರೆ ಇಲ್ಲ. ಫಲಕವನ್ನು ಎರಡು ಸ್ಥಾನಗಳಲ್ಲಿಟ್ಟು ಮುರಿವನ್ನು ಅಳೆದರೆ, ನಿಜವಾದ ನಾಭಿ ತ್ರೈರಾಶಿಯ ಲೆಕ್ಕದಿಂದಲೇ ದೊರೆಯುತ್ತದೆ.

ಇದರ ಬೆಲೆ ೧೯೦೪ರಲ್ಲಿ ವ್ಯಕ್ತವಾಯಿತು. ಮಹಾವ್ಯಾಧನ ನಡುಕಟ್ಟಿನಲ್ಲಿ ಸಾಲಾಗಿ ಹೊಳೆಯುವ ಮೂರು ಚುಕ್ಕೆಗಳನ್ನು ಎಲ್ಲರೂ ನೋಡಿರಬಹುದು. ಅವುಗಳಲ್ಲಿ ಮೊದಲು ಮೂಡುವುದು ಜೋಡಿ ನಕ್ಷತ್ರ. ಅದರ ಗೆರೆಗಳು ಸುಮಾರು ೫.೭ ದಿನಗಳಿಗೊಮ್ಮೆ, ಸೆಕೆಂಡಿಗೆ ಸುಮಾರು ೧೦೦ ಕಿಲೋಮೀಟರ್ ವೇಗವನ್ನು ಸೂಚಿಸುವಷ್ಟು ಅತ್ತಿತ್ತ ತೂಗುತ್ತವೆ. ಆದರೆ ಕ್ಯಾಲ್ಸಿಯಂ ಧಾತುವಿನ ಒಂದು ಗೆರೆ ಮಾತ್ರ ತೂಗಲಿಲ್ಲ. ಕ್ಷೀಣವಾಗಿ, ಆದರೆ ಬಹು ಚೊಕ್ಕವಾಗಿ, ತನ್ನ ಸ್ಥಾನದಲ್ಲಿಯೇ ನಿಂತಿತ್ತು. ಅದು ಇರುವುದು ನೇರಳೆಯ ಕೊನೆಯಲ್ಲಿ. ಕಣ್ಣಿಗೆ ಮಬ್ಬಾದ ಆ ಭಾಗದಲ್ಲಿ ನಾಭಿ ತಪ್ಪುವುದು ಸುಲಭ. ಉಪಕರಣವನ್ನು ನಂಬದವನು ಇದನ್ನು ಯಂತ್ರದ ದೋಷವೆಂದು ತಳ್ಳಿಹಾಕಬಹುದಾಗಿತ್ತು. ಹಾರ್ಟ್‌ಮನ್ ತಳ್ಳಿಹಾಕಲಿಲ್ಲ. ಆ ಗೆರೆ ನಕ್ಷತ್ರದ್ದಾಗಿದ್ದರೆ ಉಳಿದವುಗಳೊಡನೆ ತೂಗಬೇಕಾಗಿತ್ತು. ನಮ್ಮ ವಾಯುಮಂಡಲದ್ದಾಗಿದ್ದರೆ ಜರುಗಲೇಕೂಡದಾಗಿತ್ತು. ಭೂಮಿಯ ಚಲನೆಯನ್ನು ಕಳೆದರೂ ಅದು ಸೆಕೆಂಡಿಗೆ ಸುಮಾರು ೧೬ ಕಿಲೋಮೀಟರ್ ವೇಗವನ್ನು ತೋರಿಸುತ್ತಿತ್ತು. ಆದುದರಿಂದ ನಮಗೂ ನಕ್ಷತ್ರಕ್ಕೂ ನಡುವೆ ಕ್ಯಾಲ್ಸಿಯಂ ಬಾಷ್ಪದ ಮೋಡವೊಂದಿದೆಯೆಂದು ಅವನು ನಿರ್ಣಯಿಸಿದನು.

೧೯೧೯ರಲ್ಲಿ ಅಮೆರಿಕದ ಲಿಕ್ ವೇಧಶಾಲೆಯ ಮೇರಿ ಲೀ ಹೆಗರ್ ಇಂಥವೇ ನಿಶ್ಚಲವಾದ ಸೋಡಿಯಂ ಗೆರೆಗಳನ್ನು ಪ್ರಕಟಿಸಿದಳು. ಬರಿದೆಂದು ಭಾವಿಸಿದ್ದ ಅಂತರಾಳದಲ್ಲಿ ಹರಡಿರುವ ಅನಿಲದಿಂದಲೇ ಹೊಸ ನಕ್ಷತ್ರಗಳು ಹುಟ್ಟುತ್ತವೆಯೆಂದು ಈಗ ತಿಳಿದಿದೆ. ಹಾರ್ಟ್‌ಮನ್ನನ ಉಪಾಯವೂ ಅಲ್ಲಿಗೇ ನಿಲ್ಲಲಿಲ್ಲ. ಹಲವು ರಂಧ್ರಗಳ ತೆರೆಯನ್ನಿಟ್ಟು ಅವನು ದೊಡ್ಡ ಮಸೂರಗಳನ್ನು ಪರೀಕ್ಷಿಸಿದನು. ೧೯೭೧ರಲ್ಲಿ ರೋಲಂಡ್ ಷ್ಯಾಕ್, ಬೆನ್ ಪ್ಲಾಟ್ ಎಂಬವರು ರಂಧ್ರಗಳ ಬದಲು ಪುಟ್ಟ ಮಸೂರಗಳನ್ನಿಟ್ಟು ಪ್ರಕಟಿಸಿದ ಸುಧಾರಣೆಯು ಇಂದು ದೂರದರ್ಶಕಗಳಲ್ಲಿಯೂ ಕಣ್ಣಿನ ಪರೀಕ್ಷೆಯಲ್ಲಿಯೂ ಬಳಕೆಯಲ್ಲಿದೆ.

ನಾಭಿಯನ್ನು ಸರಿಪಡಿಸುವುದು ಆವಿಷ್ಕಾರಕ್ಕೆ ಮೊದಲಿನ ಬೇಸರದ ಕೆಲಸವೆಂದು ತೋರಬಹುದು. ನಿರೀಕ್ಷಿಸದ ಗೆರೆಯೊಂದು ಕಂಡಾಗ ಅದನ್ನು ಅಳಿಸಿಬಿಡಬೇಕೇ, ನಂಬಬೇಕೇ ಎಂಬುದನ್ನು ತೀರ್ಮಾನಿಸಿದ್ದು ಆ ಕೆಲಸವೇ ಎಂದು ನಾವು ತಿಳಿಯುತ್ತೇವೆ.