ಕನಿಷ್ಠ ವೇತನ ಏರಿಕೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ಸರ್ಕಾರ ಕನಿಷ್ಠ ವೇತನ ಏರಿಸಿದಾಗ ಮಾಲೀಕರ ಪಗಾರದ ಪುಸ್ತಕದಲ್ಲಿ ಕೂಲಿಯೊಂದೇ ಬದಲಾಗುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರಿನ ಬೀಜದ ವ್ಯಾಪಾರ ಬೆಳೆದ ಈ ಸೀಮೆಯಲ್ಲಿ ಕಿಲೋ ಲೆಕ್ಕದ, ಚೀಲದ ಲೆಕ್ಕದ ಕೂಲಿಯೂ ರೂಢಿಯಲ್ಲಿರುವುದರಿಂದ ತೊಡಕು ಇನ್ನಷ್ಟು.

1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂದಾಗ ಮೂರೂ ಊರುಗಳು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯ ಸೇರಿದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಐದು ವರ್ಷದೊಳಗೆ ದರ ಪರಿಶೀಲಿಸಬೇಕೆಂದು ಕಾಯ್ದೆ ಹೇಳಿತ್ತು. ನಡುವಿನ ವರ್ಷಗಳಲ್ಲಿ ಬೆಲೆ ಸೂಚ್ಯಂಕ ನೋಡಿ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಏರುತ್ತದೆ. ಕೊಡಲು ಶಕ್ತಿಯಿಲ್ಲ ಎಂಬ ಮಾಲೀಕರ ವಾದವನ್ನು ಸುಪ್ರೀಂ ಕೋರ್ಟ್ ಕೇರಳದ ಹಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ (1961) ಒಪ್ಪಲಿಲ್ಲ. ಕರ್ನಾಟಕದ್ದೇ ಆದ ಏರ್‌ಫ್ರೈಟ್ ಪ್ರಕರಣದಲ್ಲಿ (1999) ಮಾತ್ರ ಮಾಲೀಕರಿಗೆ ಕೊಂಚ ಉಸಿರು ಸಿಕ್ಕಿತು: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿದ ಒಟ್ಟು ಮೊತ್ತಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಭತ್ಯೆಯನ್ನು ಪ್ರತ್ಯೇಕವಾಗಿ ಕೊಡಬೇಕಿಲ್ಲ.

ಬ್ಯಾಡಗಿಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತುಂಬು ಬಿಡಿಸುವ ಹೆಂಗಸಿಗೆ ಸಂಜೆ ತಕ್ಕಡಿಯೇ ಹಾಜರಿ ಪುಸ್ತಕ. 1948ರ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಂದು ಕೆಲಸಕ್ಕೆ ದಿನದ ದರವಷ್ಟೇ ನಿಗದಿಯಾಗಿದ್ದರೆ, ತೂಕದ ಲೆಕ್ಕದಲ್ಲಿ ದುಡಿದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. ಏಪ್ರಿಲ್‌ನಲ್ಲಿ ದಿನದ ದರ ಏರಿ ಕಿಲೋ ದರ ಹಾಗೇ ಉಳಿದರೆ ಆ ವ್ಯತ್ಯಾಸ ಮಾಲೀಕರ ಬಾಕಿ. ಕಾರ್ಮಿಕರು ಅರ್ಜಿ ಹಾಕಿದರೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದಿತ್ತು. ಆದರೆ ಆ ಕಾಯ್ದೆ ಅನುಸೂಚಿಯಲ್ಲಿದ್ದ ಕಸುಬುಗಳಿಗಷ್ಟೇ ಸಲ್ಲುತ್ತಿತ್ತು.

ದಿನಕ್ಕೆ 40 ರೂಪಾಯಿ ಏರಿತೆನ್ನಿ. 26 ದಿನಕ್ಕೆ 1,040. ಭವಿಷ್ಯನಿಧಿ, ಇಎಸ್‌ಐ ಎರಡೂ ಅನ್ವಯಿಸುವ ಕಡೆ, ವೇತನ ಭವಿಷ್ಯನಿಧಿಯ 15,000 ರೂಪಾಯಿ ಮಿತಿಯೊಳಗಿದ್ದರೆ, ಮಾಲೀಕರ ಪಾಲು ಶೇ 12ರಂತೆ 124.80, ಶೇ 3.25ರಂತೆ 33.80 ಸೇರಿ ಖರ್ಚು 1,198.60 ಆಗುತ್ತದೆ. 2015ರ ತಿದ್ದುಪಡಿಯ ನಂತರ ಬೋನಸ್ ಲೆಕ್ಕದ ಮಿತಿ 7,000 ರೂಪಾಯಿ ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದು. ಗುಮಾಸ್ತರು ಹೆಚ್ಚಾಗಿ ಮರೆಯುವುದು ಗ್ರಾಚ್ಯುಟಿಯನ್ನು: ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುವುದರಿಂದ ಈ ವರ್ಷದ ಏರಿಕೆ ಹಿಂದಿನ ಅಷ್ಟೂ ವರ್ಷಗಳ ಸೇವೆಗೆ ತಗಲುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಅನುಸೂಚಿಯನ್ನು ತೆಗೆದುಹಾಕಿ ಎಲ್ಲ ಕಸುಬುಗಳನ್ನೂ ಒಳಗೆ ತಂದಿತು. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಹೆಚ್ಚಿನ ಭಾಗವನ್ನು ವೇತನವೆಂದೇ ಹಿಡಿಯಬೇಕು.