ಎರಡಾಣೆಯ ಇಂಗ್ಲಿಷ್

ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ನನ್ನ ಗೆಳೆಯರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ: "ಯಾವ ಸ್ಕೂಲಿಗೆ ಹಾಕುದು ಮಾರಾಯ?" ಕೇಳುವುದು ಸ್ಕೂಲಿನ ಬಗ್ಗೆ, ಒಳಗಿರುವ ಭಯ ಮಾತ್ರ ಇಂಗ್ಲಿಷಿನದ್ದು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವವರೂ ಕೇಳ್ತಾರೆ, ಮಣಿಪಾಲದಲ್ಲಿ ಫ್ಲ್ಯಾಟ್ ತಗೊಂಡವರೂ ಕೇಳ್ತಾರೆ. ಕಾರ್ಕಳದ ಕಡೆಯ ಕನ್ನಡ ಶಾಲೆಯಲ್ಲಿ ಕಲಿತು, ಪಿಯುಸಿಗೆ ಬಂದಾಗ ಇಂಗ್ಲಿಷಿಗೆ ಬೆವರಿದ್ದು ಇವರಿಗೆ ಇನ್ನೂ ಮರೆತಿಲ್ಲ. ಅದಕ್ಕೇ ಮಗುವನ್ನು ಆದಷ್ಟು ಬೇಗ ಇಂಗ್ಲಿಷಿನೊಳಗೆ ಮುಳುಗಿಸಿಬಿಡಬೇಕು ಅಂತ ಅವಸರ. ಈ ಅವಸರಕ್ಕೆ ಉತ್ತರ ಹೇಳುವ ಮೊದಲು ನಮ್ಮೂರಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದು. ಮನೆಯದ್ದಲ್ಲದ ಭಾಷೆಯನ್ನು ಮಕ್ಕಳಿಗೆ ಕಲಿಸುವ ವಿಷಯದಲ್ಲಿ ಕರಾವಳಿಗೆ ಬಹಳ ಹಳೆಯ ಅನುಭವ ಉಂಟು.

ಮೊದಲಿಗೆ ಒಂದು ಸರಳ ಸಂಗತಿ. ಉಡುಪಿ, ಕಾಪು, ಕಾರ್ಕಳದ ಬಹಳಷ್ಟು ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಉರ್ದು. "ಕ್ಯಾಟ್ ಅಂದರೆ ಬೆಕ್ಕು" ಅಂತ ಟೀಚರ್ ಹೇಳುವಾಗ ತುಳು ಮಗು ಮನಸ್ಸಿನಲ್ಲೇ ಇನ್ನೊಂದು ಮೆಟ್ಟಿಲು ಹತ್ತಬೇಕು: ಬೆಕ್ಕು ಅಂದರೆ ಪುಚ್ಚೆ. ತುಳುವಿನಲ್ಲಿ "ಇಲ್ಲ್" ಅಂದರೆ ಮನೆ, ಕನ್ನಡದಲ್ಲಿ "ಇಲ್ಲ" ಅಂದರೆ ಇಲ್ಲ. ಇಂಥ ಗೊಂದಲಗಳನ್ನು ದಾಟಿಯೇ ನಮ್ಮ ಅಜ್ಜ ಅಜ್ಜಿಯರು ಐಗಳ ಶಾಲೆಯಲ್ಲಿ ಕನ್ನಡ ಕಲಿತರು. ಮನೆಯಲ್ಲಿ ತುಳು ಮಾತಾಡುವುದನ್ನು ಬಿಟ್ಟರೆ ಕನ್ನಡ ಬೇಗ ಬರುತ್ತದೆ ಅಂತ ಆಗ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಂಗ್ಲಿಷ್ ಶಾಲೆಗಳ ಕಥೆಯೂ ಇಲ್ಲಿ ಸ್ವಲ್ಪ ವಿಚಿತ್ರ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಈ ಜಿಲ್ಲೆಯಲ್ಲಿ ಹೊಸ ಕಾಲದ ಶಾಲೆಗಳನ್ನು ಕಟ್ಟಿದವರಲ್ಲಿ ಪ್ರಮುಖರು. ಅವರಲ್ಲಿ ಹೆಚ್ಚಿನವರು ಜರ್ಮನ್ನರು, ಸ್ವಿಸ್ಸರು. ಅಂದರೆ ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ, ಹುಟ್ಟಿದ್ದಲ್ಲ. ಇಲ್ಲಿಗೆ ಬಂದ ಮೇಲೆ ಅವರು ಕನ್ನಡ, ತುಳು ಎರಡನ್ನೂ ಕಲಿಯಬೇಕಾಯಿತು. ಮೋಗ್ಲಿಂಗ್ 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆ ತಂದರು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು, ಮ್ಯಾನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ತಂದರು, ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಉದ್ದೇಶ ಧರ್ಮಪ್ರಚಾರ, ಅದು ಬೇರೆ ಮಾತು. ಆದರೆ ಜನರ ಹತ್ತಿರ ಹೋಗಬೇಕಾದರೆ ಜನರ ಮಾತಿನಿಂದಲೇ ಶುರುಮಾಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಒಂದು ಭಾಷೆಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟುವ ಪುಸ್ತಕಗಳು ನಮ್ಮಲ್ಲಿ ಹುಟ್ಟಿದ್ದು ಹೀಗೆ.

ತರಗತಿಯೊಳಗೆ ಮಾತ್ರ ಈ ಬುದ್ಧಿ ಹೆಚ್ಚು ದಿನ ಉಳಿಯಲಿಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಂಗ್ಲಿಷ್ ಅಂದರೆ ಸರ್ಕಾರಿ ನೌಕರಿ, ನೌಕರಿ ಅಂದರೆ ಪರೀಕ್ಷೆ, ಪರೀಕ್ಷೆ ಅಂದರೆ ಬಾಯಿಪಾಠ. ಸ್ಪೆಲಿಂಗ್ ಒಪ್ಪಿಸು, ಅರ್ಥ ಬರೆ, ಪ್ಯಾಸಿವ್ ವಾಯ್ಸಿಗೆ ತಿರುಗಿಸು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ನಿಮ್ಮ ಮನೆಯ ಕಪಾಟಿನಲ್ಲೂ ಇದ್ದೀತು. ಅದನ್ನು ಮೂಲತಃ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಬರೆದದ್ದು ಎನ್ನುತ್ತಾರೆ. ಮನೆಯಲ್ಲಿ ದಿನವಿಡೀ ಇಂಗ್ಲಿಷ್ ಕೇಳಿ ಮಾತಾಡುವ ಮಗುವಿಗೆ ವ್ಯಾಕರಣ ಅಂದರೆ ಗೊತ್ತಿರುವುದನ್ನು ಒಪ್ಪ ಮಾಡುವ ಕೆಲಸ. ಒಂದು ವಾಕ್ಯವನ್ನೂ ಕಿವಿಯಿಂದ ಕೇಳದ ಮಗುವಿಗೆ ಅದೇ ಪುಸ್ತಕ ಕೊಟ್ಟರೆ? ನೀರನ್ನೇ ನೋಡದವನಿಗೆ ಈಜಿನ ನಿಯಮ ಒಪ್ಪಿಸಲು ಹೇಳಿದ ಹಾಗೆ.

ಇದೇ ಹೊತ್ತಿನಲ್ಲಿ ನಮ್ಮೂರಿನ ಇನ್ನೊಂದು ಗುಂಪಿನ ಮಕ್ಕಳು ಬೇರೆ ದಾರಿಯಲ್ಲಿ ಇಂಗ್ಲಿಷಿಗೆ ಎದುರಾದರು. ಹನ್ನೆರಡು, ಹದಿಮೂರು ವರ್ಷಕ್ಕೆ ಶಾಲೆ ಬಿಟ್ಟು ಬೊಂಬಾಯಿ ಹೋಟೆಲುಗಳಿಗೆ ಹೋದ ಹುಡುಗರು ಅವರು. ಹಗಲು ಲೋಟ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ನಿನಂಥ ಸಂಘಗಳು ಅಲ್ಲಿ ಕನ್ನಡ ಮಾಧ್ಯಮದ ರಾತ್ರಿ ಶಾಲೆಗಳನ್ನು ನಡೆಸಿದವು. ನನ್ನ ದೊಡ್ಡ ಮಾವ ಕಾಪುವಿನಿಂದ ಹಾಗೆ ಹೋದವರು. ಮೆಟ್ರಿಕ್ ಮುಗಿಸಲಾಗಲಿಲ್ಲ. ಆದರೆ ಊರಿಗೆ ಬಂದಾಗ ಇಡೀ ಓಣಿಯ ಮನಿಯಾರ್ಡರ್ ಫಾರಂ, ಬ್ಯಾಂಕಿನ ಚಲನ್, ಕೋರ್ಟಿನ ನೋಟಿಸು ಓದಿ ಹೇಳುತ್ತಿದ್ದದ್ದು ಅವರೇ. "ನಂಗೆ ಗ್ರಾಮರ್ ಬರುದಿಲ್ಲ, ವಿಷಯ ಗೊತ್ತಾಗ್ತದೆ" ಅಂತಿದ್ದರು. ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕು ಶಬ್ದ ಬೆಳಗ್ಗೆ ಟ್ರಾಮಿನ ಬೋರ್ಡಿನಲ್ಲೋ ಗಿರಾಕಿಯ ಬಿಲ್ಲಿನಲ್ಲೋ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಅದೇ ಅವರ ಅಭ್ಯಾಸ ಪುಸ್ತಕ.

ಅದೇ ಕಾಲದಲ್ಲಿ ಢಾಕಾದಲ್ಲಿ ಮೈಕಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಬಂಗಾಳಿ ಮಕ್ಕಳನ್ನು ನೋಡಿ ಇದನ್ನೇ ಯೋಚಿಸುತ್ತಿದ್ದರು. 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಬಂದ ಅವರ ಪುಸ್ತಕದಲ್ಲಿ ಒಂದು ಪದ ಬರುತ್ತದೆ: ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿ ಮಾಡಿದವರಿಗೆ ಗೊತ್ತಿರುವ ಪದವೇ. ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ? ಹಾಗೆಯೇ, ಮಗು ಕಲಿಕೆಯನ್ನು ಅರ್ಧಕ್ಕೆ ಬಿಟ್ಟರೆ ಅದರ ಕೈಯಲ್ಲಿ ಉಳಿಯುವ ಇಂಗ್ಲಿಷ್ ಎಷ್ಟು? ಸ್ಪೆಲಿಂಗ್ ಮತ್ತು ವ್ಯಾಕರಣ ಮಾತ್ರ ಕಲಿತು ಬಿಟ್ಟರೆ ಉಳಿಯುವುದು ಸೊನ್ನೆ. ಓದಲು ಬಂದಿದ್ದರೆ ಓದು ಉಳಿಯುತ್ತದೆ. ಅದಕ್ಕಾಗಿ ವೆಸ್ಟ್ ಹೆಚ್ಚು ಬಳಕೆಯ ಶಬ್ದಗಳನ್ನು ಆರಿಸಿ, ಒಂದೊಂದು ಪಾಠದಲ್ಲಿ ಕೆಲವೇ ಹೊಸ ಶಬ್ದಗಳನ್ನು ಸೇರಿಸುತ್ತ, ಮಕ್ಕಳಿಗೆ ಓದುವ ಖುಷಿ ಸಿಗುವಂಥ ರೀಡರುಗಳನ್ನು ಮಾಡಿದರು.

ಇದನ್ನು ಓದುವಾಗ ನನಗೆ ನೆನಪಾಗುವುದು ಉಡುಪಿಯದ್ದೇ ಒಂದು ಉಪಾಯ. 1925ರಲ್ಲಿ ಇಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಸಾಕು, ಏಜೆಂಟ್ ಮನೆಬಾಗಿಲಿಗೇ ಬರುತ್ತಾನೆ. ಅದರ ಹಿಂದಿದ್ದ ಟಿ.ಎಂ.ಎ. ಪೈಗಳು ಮುಂದೆ ಮಣಿಪಾಲವನ್ನು ಕಟ್ಟಿದರು. ಒಮ್ಮೆಗೇ ದೊಡ್ಡ ಮೊತ್ತ ತರಲು ಆಗದವನಿಗೆ ಬ್ಯಾಂಕಿನ ಬಾಗಿಲು ತೆರೆದದ್ದು ಈ ಎರಡಾಣೆ. ಭಾಷೆ ಕಲಿಯುವುದಕ್ಕೂ ಇದೇ ಲೆಕ್ಕ ಸರಿ ಅಂತ ನನ್ನ ಅನಿಸಿಕೆ.

ಈಗ ಬೆಂಗಳೂರಿಗೆ ಬರೋಣ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು, ಅಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಜಗತ್ತಿನ ಭಾಷಾ ಶಿಕ್ಷಕರೆಲ್ಲ ಅದನ್ನು "ಬೆಂಗಳೂರು ಪ್ರಾಜೆಕ್ಟ್" ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಪ್ರಭು ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟು, ಇಷ್ಟು ಗಂಟೆಯೊಳಗೆ ಆ ಊರು ಮುಟ್ಟಬೇಕಾದರೆ ಯಾವ ರೈಲು ಹಿಡಿಯಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಕ್ಷೆ ಕೊಟ್ಟು ದಾರಿ ಹುಡುಕಿಸಿದರು. ಮೊದಲು ಅಂಥದ್ದೇ ಒಂದು ಲೆಕ್ಕವನ್ನು ಟೀಚರ್ ಇಡೀ ತರಗತಿಯೊಂದಿಗೆ ಮಾತಾಡುತ್ತ ಬಿಡಿಸುತ್ತಾರೆ. ಆಮೇಲೆ ಮಗು ತಾನೇ ಒಂದನ್ನು ಬಿಡಿಸಬೇಕು. ತಲೆ ಓಡುವುದು ಲೆಕ್ಕದ ಕಡೆಗೆ, ಭಾಷೆ ಅದರ ಬೆನ್ನಿಗೆ ಒಳಗೆ ಇಳಿಯುತ್ತದೆ. ತರಗತಿಯ ಅರ್ಧದಷ್ಟು ಮಕ್ಕಳು ಕೆಲಸದ ಅರ್ಧವನ್ನಾದರೂ ಮಾಡಿದರೆ ಅದು ಸರಿಯಾದ ಮಟ್ಟದ ಕೆಲಸ ಎಂಬುದು ಅವರ ಅಳತೆ. ಮಗು ಕೂಡಲೇ ಇಂಗ್ಲಿಷಿನಲ್ಲಿ ಉತ್ತರಿಸಬೇಕು ಎಂಬ ಹಟವೂ ಇರಲಿಲ್ಲ.

ಪ್ರಯೋಗ ಗೆದ್ದಿತೇ? ಬೆರೆಟ್ಟಾ ಮತ್ತು ಡೇವಿಸ್ ಎಂಬಿಬ್ಬರು ಪರೀಕ್ಷಿಸಿ 1985ರಲ್ಲಿ ಬರೆದರು. ಹಳೆಯ ಪದ್ಧತಿಯಲ್ಲಿ ಕಲಿತವರು ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಅರ್ಥ ಮಾಡಿಕೊಳ್ಳುವುದರಲ್ಲಿ, ಸಂದರ್ಭ ಹಿಡಿದು ಭಾಷೆ ಬಳಸುವುದರಲ್ಲಿ ಪ್ರಭುಗಳ ಮಕ್ಕಳು ಮುಂದಿದ್ದರು. ಯಾವುದನ್ನು ಅಭ್ಯಾಸ ಮಾಡಿಸಿದರೋ ಅದು ಬಂತು. ನನ್ನ ಮಾವನ ಇಂಗ್ಲಿಷ್ ಯಾವ ಬಗೆಯದ್ದು ಅಂತ ಈಗ ನಿಮಗೂ ಗೊತ್ತಾಗಿರಬೇಕು.

ಇಷ್ಟೆಲ್ಲ ತಿಳಿದಿದ್ದರೂ ನಮ್ಮ ರಾಜ್ಯದ ಜಗಳ ನಡೆದದ್ದು "ಯಾವಾಗ" ಮತ್ತು "ಯಾವ ಮಾಧ್ಯಮ" ಎಂಬುದರ ಮೇಲೇ. 1994ರ ಆದೇಶ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಅಂದಿತು. 2007-08ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು, ಅದಕ್ಕೆ ಮೊದಲು ಐದರಿಂದ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮಗುವಿನ ಕಿವಿಗೆ ಬೀಳುವುದೇನು ಎಂಬ ಪ್ರಶ್ನೆಗೆ ಇಷ್ಟು ಜೋರಿನ ಚರ್ಚೆ ಯಾವತ್ತೂ ಆಗಲಿಲ್ಲ.

ಇದರ ಬೆಲೆ ತೆರುವವರು ಮಕ್ಕಳು. ನನ್ನ ಗೆಳತಿಯ ಮಗನನ್ನು ಹಾಕಿದ ಶಾಲೆಯಲ್ಲಿ ತುಳು ಮಾತಾಡಿದರೆ ಹತ್ತು ರೂಪಾಯಿ ಫೈನ್. ಮನೆಯಲ್ಲಿ ಅಜ್ಜಿಯ ಹತ್ತಿರ ವಟವಟ ಅನ್ನುತ್ತಿದ್ದ ಹುಡುಗ ಮೂರು ತಿಂಗಳು ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲ. ಆಮೇಲೆ ಅಜ್ಜಿಯ ಹತ್ತಿರವೂ ಮಾತು ಕಡಿಮೆಯಾಯಿತು. ಅಜ್ಜಿ ಕೇಳಿದರಂತೆ, "ಇವನಿಗೆ ನಾನು ಎಂತ ಮಾಡಿದೆ?" ಒಂದು ಭಾಷೆ ಸೇರಿಸಲು ಹೋಗಿ ಇನ್ನೊಂದನ್ನು ಕಳೆಯುವ ಈ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅವರು ಸೇರಿಸುತ್ತಲೇ ಹೋದವರು: ಮನೆಗೆ ತುಳು, ಶಾಲೆಗೆ ಕನ್ನಡ, ಬೊಂಬಾಯಿಗೆ ಹಿಂದಿ ಮರಾಠಿ, ಕಾಗದಪತ್ರಕ್ಕೆ ಇಂಗ್ಲಿಷ್.

ಹಾಗಾಗಿ ಕೇಳಿದವರಿಗೆ ನಾನು ಸ್ಕೂಲಿನ ಹೆಸರು ಹೇಳುವುದಿಲ್ಲ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಚಿತ್ರವಿರುವ ಒಂದು ಇಂಗ್ಲಿಷ್ ಕಥೆ ಓದಿ ಹೇಳಿ, ಮಗು ತುಳುವಿನಲ್ಲೋ ಕನ್ನಡದಲ್ಲೋ ಪ್ರಶ್ನೆ ಕೇಳಿದರೆ ಅದೇ ಭಾಷೆಯಲ್ಲಿ ಉತ್ತರಿಸಿ ಅನ್ನುತ್ತೇನೆ. ತಪ್ಪು ಮಾತಾಡಿದರೆ ತಿದ್ದುವ ಬದಲು ಸರಿಯಾದ ವಾಕ್ಯವನ್ನು ನೀವೇ ಸುಮ್ಮನೆ ಒಮ್ಮೆ ಹೇಳಿ. ಬಸ್ಸಿನ ಬೋರ್ಡು, ಬಿಸ್ಕತ್ ಪ್ಯಾಕೆಟ್ಟು, ರೈಲಿನ ಟಿಕೆಟ್ಟು ಎಲ್ಲವೂ ಪಾಠವೇ. ಅಡ್ಮಿಷನ್ನಿಗೆ ಹೋದಾಗ ಫೀಸಿನ ಜೊತೆ ಎರಡು ಪ್ರಶ್ನೆ ಕೇಳಿ: ಮಕ್ಕಳಿಗೆ ದಿನಾ ಎಷ್ಟು ಹೊತ್ತು ಕಥೆ ಓದಿ ಹೇಳ್ತೀರಿ? ನನ್ನ ಮಗಳು ತುಳುವಿನಲ್ಲಿ ಉತ್ತರಿಸಿದರೆ ನೀವು ಏನು ಮಾಡ್ತೀರಿ? ಎರಡನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ, ಆಮೇಲೆ ಚೆಕ್ ಬರೆಯಿರಿ.